ಮೀನಿನ ಬಾಯಿಯ ಅಯಸ್ಕಾಂತ

ಕುಷಾಯಿಗೂಡದ ಕಾರ್ಖಾನೆಯಲ್ಲಿ ನನ್ನ ಕೆಲಸ ಬಿಡಿಭಾಗಗಳ ತಪಾಸಣೆ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ವಾಪಸು ಕಳಿಸುವವನು ನಾನು. ಆ ಚಟ ಮನೆಗೂ ಬಂದಿತ್ತು. ಮೂರೂವರೆ ವರ್ಷದ ಮಗಳಿಗೆ ಯಾವ ಆಟಿಕೆ ತಂದರೂ ಮೊದಲು ಅದನ್ನೊಂದು ಸಣ್ಣ ಕೊಳವೆಯೊಳಗೆ ಹಾಕಿ ನೋಡುತ್ತಿದ್ದೆ. ಕೊಳವೆಗೆ ಹೋಗುವಂಥದ್ದು ಗಂಟಲಿಗೂ ಹೋದೀತು, ಆದ್ದರಿಂದ ಬೇಡ. ಎಣಿಸಲು ಕಲಿಯಲಿ ಎಂದು ಅವ್ವ ಕೊಟ್ಟಿದ್ದ ಹುಣಸೆಬೀಜ, ಕವಡೆ ಹೀಗೇ ಅಟ್ಟ ಸೇರಿದವು.

“ನೀನೂ ಇದರಾಗ ಎಣಿಸಾಕ ಕಲ್ತಾಂವ. ಏನಾಗೇತಿ ನಿನಗ? ಭಾಳ ಶಾಣ್ಯಾ ಆಗೀ,” ಎಂದಳು ಅವ್ವ.

ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ಗಾಳದ ಆಟ ಸಿಕ್ಕಿತು. ಮರದ ಹತ್ತು ಮೀನು, ಒಂದೊಂದರ ಬಾಯಿಗೂ ಪುಟ್ಟ ಅಯಸ್ಕಾಂತ. ಬಣ್ಣ, ಎಣಿಕೆ, ಬೆರಳಿನ ಹಿಡಿತ, ಮೂರನ್ನೂ ಕಲಿಯಲು ಆಯಿತು. ಒಂದು ಮೀನೂ ಕೊಳವೆಯೊಳಗೆ ಹಿಡಿಸಲಿಲ್ಲ. ನಾನು ಬೀಗಿದೆ. ಅಂಟಿಸಿದ ಅಯಸ್ಕಾಂತವನ್ನು ಎಳೆದು ನೋಡಬೇಕೆಂದು ಮಾತ್ರ ಹೊಳೆಯಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಅಳೆಯುವವನು ಬೇರೆ, ಎಳೆದು ನೋಡುವವನು ಬೇರೆ.

ಒಂದು ಭಾನುವಾರ ಬೆಳಿಗ್ಗೆ ಎರಡು ಮೀನುಗಳ ಬಾಯಿ ಬರಿದಾಗಿತ್ತು.

“ನುಂಗಿದೇನ? ಬಾಯಿ ತೆಗಿ! ಹೇಳು!” ಎಂದು ಕೂಗಿದೆ. ಮಗಳು ತುಟಿ ಬಿಗಿದು ನಿಂತಳು.

“ಒದರಬ್ಯಾಡ್ರಿ, ಕೂಸು ಹೆದರಾಕತ್ತೈತಿ,” ಎಂದಳು ಹೆಂಡತಿ. ನಾನು ಮಂಚ ಸರಿಸಿದೆ, ಕಸದ ಬುಟ್ಟಿ ಸುರಿದೆ. ಎಲ್ಲೂ ಸಿಗಲಿಲ್ಲ. ಮಗಳನ್ನು ಎತ್ತಿಕೊಂಡು ಇಬ್ಬರೂ ಆಟೋ ಹತ್ತಿದೆವು.

ಆಸ್ಪತ್ರೆಯಲ್ಲಿ ಕನ್ನಡ ಬಾರದ ಡಾಕ್ಟರು ಹಿಂದಿಯಲ್ಲಿ ಮೊದಲು ಕೇಳಿದ್ದು, ಒಂದೋ ಎರಡೋ ಎಂದು. ಎರಡು ಎಂದೆ. ಅವರ ಮುಖ ಬಿಗಿಯಿತು. ಒಂದಾದರೆ ತಾನಾಗಿಯೇ ಹೊರಬೀಳಬಹುದು; ಎರಡಾದರೆ ಕರುಳನ್ನು ನಡುವೆ ಹಿಡಿದು ಒಂದನ್ನೊಂದು ಕಚ್ಚಿಕೊಳ್ಳುತ್ತವೆ, ಆಪರೇಷನ್ ಬೇಕಾದೀತು ಎಂದರು. ನಾನೇ ಆರಿಸಿ, ನಾನೇ ಪಾಸು ಮಾಡಿ ಕೊಟ್ಟ ಆಟಿಕೆ ಅದು.

ಎಕ್ಸ್‌ರೇ ಕೋಣೆಯಲ್ಲಿ ಮಗಳು ಅಳಲಿಲ್ಲ. ತಣ್ಣನೆಯ ಹಲಗೆಯ ಮೇಲೆ ಮಲಗಿಸಿದಾಗಲೂ ನನ್ನ ಮುಖವನ್ನೇ ನೋಡುತ್ತಿದ್ದಳು. ಎಷ್ಟು ಧೈರ್ಯ ನನ್ನ ಕೂಸಿಗೆ ಎಂದುಕೊಂಡೆ.

ಚಿತ್ರದಲ್ಲಿ ಏನೂ ಇರಲಿಲ್ಲ. ಡಾಕ್ಟರು ಎರಡೆರಡು ಸಲ ನೋಡಿ ಹೇಳಿದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಮನೆಗೆ ಮರಳಿ, ಆಟೋದವನನ್ನು ಕಳಿಸಿ ನಾನು ಮೆಟ್ಟಿಲೇರುವಷ್ಟರಲ್ಲಿ ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮಗಳ ಪಿಸುಮಾತು ಕೇಳಿತು.

“ಆಯಿ, ಅವು ಕಿತ್ತು ಬಂದ್ವು. ಫ್ರಿಜ್ಜಿನ ಹಿಂದ ಹಚ್ಚೀನಿ. ಅಪ್ಪಗ ಹೇಳಬ್ಯಾಡ.”

“ಅಯ್ಯ ನನ್ನ ಬಂಗಾರ, ಮೊದಲ ಹೇಳಬಾರದಾ?”

“ಅಪ್ಪ ಒದರತಾನ.”

ನಾನು ಧೈರ್ಯ ಅಂದುಕೊಂಡಿದ್ದು ಹೆದರಿಕೆಯಾಗಿತ್ತು, ಅದೂ ನನ್ನ ಕಂಡರೆ ಇದ್ದ ಹೆದರಿಕೆ. ಒಳಗೆ ಹೋಗಲು ನನಗೆ ಮುಖವಿರಲಿಲ್ಲ. ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡು ಕೆಳಗಿಳಿದೆ.