ಎರಡು ಬೆರಳಗಲದ ರಟ್ಟು

ನನ್ನ ಮೇಜಿನ ಡ್ರಾವರಿನಲ್ಲಿ, ಕೆಟ್ಟುಹೋದ ಫ್ಲ್ಯಾಶು, ಮಸಿ ಒಣಗಿದ ಪೆನ್ನು, ಯಾರೂ ಕೇಳಿಕೊಂಡು ಬಾರದ ಪಾಸ್‌ಪೋರ್ಟ್ ಅಳತೆಯ ಮುಖಗಳ ನಡುವೆ, ಒಂದು ರಟ್ಟಿನ ತುಂಡು ಬಿದ್ದಿದೆ. ಗೇಣುದ್ದ, ಎರಡು ಬೆರಳಗಲ. ಫೋಟೋ ಕಾಗದದ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ್ದು; ಅದರ ಒಂದು ಅಂಚು ವರ್ಷಾನುಗಟ್ಟಲೆ ಬಿಳಿ ಬಣ್ಣ ಕುಡಿದು ಎಲುಬಿನ ಹಾಗೆ ಗಟ್ಟಿಯಾಗಿದೆ. ಮನೆಯಾಕೆ ಎರಡು ಸಲ ಅದನ್ನು ಕಸದ ಬುಟ್ಟಿಗೆ ಹಾಕಿದಳು, ಎರಡು ಸಲವೂ ನಾನು ಹೆಕ್ಕಿ ತಂದೆ. ಯಾಕೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಉತ್ತರ ಗೊತ್ತಿತ್ತು, ಹೇಳುವ ಬಾಯಿ ಇರಲಿಲ್ಲ. ನಿಮಗೆ ಹೇಳುತ್ತೇನೆ; ಓದುವವರು ಎದುರಿಗೆ ಕೂತು ಮುಖ ನೋಡುವುದಿಲ್ಲವಲ್ಲ, ಅದೊಂದು ಅನುಕೂಲ.

ತೊಂಬತ್ತರ ದಶಕದಲ್ಲಿ ಹೊಳಲ್ಕೆರೆಯ ನನ್ನ ಸ್ಟುಡಿಯೋದಲ್ಲಿ ಕ್ಯಾಮೆರಾ ನನ್ನದು, ಕುಂಚ ತಿಪ್ಪೇಸ್ವಾಮಿಯದು. ಗೋಡೆಗೆ ಹಾಕುವ ಫೋಟೋ ಎಂದರೆ ಕೆಳಗೆ ಹೆಸರು ಇರಲೇಬೇಕಾಗಿದ್ದ ಕಾಲ ಅದು. ತಾಳ್ಯದಿಂದ, ಬಾಗೂರಿನಿಂದ ಬಸ್ಸಿಳಿದು ಬಂದವರು ಮುಖ ಚೆನ್ನಾಗಿ ಬಂದಿದೆಯೇ ಎಂದು ನೋಡುವ ಮೊದಲೇ ಹೆಸರು ಸರಿಯಾಗಿದೆಯೇ ಎಂದು ಓದಿಸಿ ಕೇಳುತ್ತಿದ್ದರು. "ಹೆಸ್ರಿಲ್ಲದ ಫೋಟೋ ಮೊಮ್ಮಕ್ಕಳ ಕಾಲಕ್ಕೆ ಕ್ಯಾಲೆಂಡರ್ ಆಗ್ತೈತೆ ಕಣ್ರಿ" ಎಂದು ತಿಪ್ಪೇಸ್ವಾಮಿ ಅವರನ್ನು ನಗಿಸುತ್ತಿದ್ದ.

ಅವನ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಫೋಟೋಗಳನ್ನು ಎರಡು ಗುಡ್ಡೆ ಮಾಡುವನು. ಅಗಲ ಹೆಚ್ಚಿದ್ದವು ಕುಂತವು, ಎತ್ತರ ಹೆಚ್ಚಿದ್ದವು ನಿಂತವು. ಅವನ ಬಾಯಲ್ಲಿ ಅವಕ್ಕೆ ಬೇರೆ ಹೆಸರಿರಲಿಲ್ಲ. ಆಮೇಲೆ ಈ ರಟ್ಟನ್ನು ಫೋಟೋದ ಕೆಳಗಿನ ಅಂಚಿಗೆ ತಾಗಿಸಿಟ್ಟು ಗೆರೆ ಎಳೆದು, ಆ ಎರಡು ಬೆರಳಿನ ಜಾಗದೊಳಗೆ ಹೆಸರು ಬರೆಯುವನು. ಕುಂತದ್ದಿರಲಿ, ನಿಂತದ್ದಿರಲಿ, ನೂರು ಫೋಟೋ ಸಾಲಾಗಿ ಜೋಡಿಸಿದರೂ ಹೆಸರುಗಳು ಅಂಚಿನಿಂದ ಒಂದೇ ದೂರದಲ್ಲಿ, ಸೀರೆಯ ಅಂಚಿನಂತೆ ಕೂತಿರುತ್ತಿದ್ದವು. "ಹೆಸ್ರು ಕಾಲಿನ ಕೆಳಗಿರ್ಬೇಕು, ಮೈಮ್ಯಾಲೆ ಬೀಳಬಾರ್ದು. ಮೈ ಅವ್ರದು, ಹೆಸ್ರು ಊರು ಕೊಟ್ಟಿದ್ದು" ಎನ್ನುತ್ತಿದ್ದ. ನಮ್ಮಜ್ಜಿ ರಾಗಿ ಅಳೆಯುವಾಗ ಹೇಳುತ್ತಿದ್ದ ಮಾತು ನನಗಾಗ ನೆನಪಾಗುತ್ತಿತ್ತು: ಸೇರು ಎಲ್ಲರಿಗೂ ಒಂದೇ ಇರಬೇಕಪ್ಪ, ಆದರೆ ಚೀಲದ ಬಾಯಿ ನೋಡಿ ಸುರಿಯಬೇಕು. ನೆನಪಾಗುತ್ತಿತ್ತು ಅಷ್ಟೆ, ನೆನಪಾದ ಮಾತೆಲ್ಲ ಬುದ್ಧಿಯಾಗುವುದಿಲ್ಲ.

ಎರಡು ಸಾವಿರ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ತಾಳ್ಯದ ಕಡೆಯ ಒಂದು ಊರಿನ ಶಾಲೆಗೆ ಐವತ್ತು ತುಂಬಿತು. ಊರಿನವರು ಸಮಿತಿ ಮಾಡಿಕೊಂಡು, ಶಾಲೆಗೆ ದುಡಿದವರೆಲ್ಲರ ಫೋಟೋ ಹಾಕಿ ಒಂದು ಸ್ಮರಣ ಸಂಚಿಕೆ ತರುವುದೆಂದು ನಿಶ್ಚಯಿಸಿ ನನ್ನನ್ನು ಕರೆಸಿದರು. ನನ್ನ ಕೈಗೆ ಆಗಷ್ಟೇ ಡಿಜಿಟಲ್ ಕ್ಯಾಮೆರಾ ಬಂದಿತ್ತು, ಸ್ಟುಡಿಯೋಕ್ಕೆ ಕಂಪ್ಯೂಟರು ಬಂದಿತ್ತು, ನನ್ನ ನಡಿಗೆಗೆ ಒಂದು ಬಿಗುವೂ ಬಂದಿತ್ತು. ಶಾಲೆಯ ಅಂಗಳದಲ್ಲಿ ಹೆಡ್‌ಮಾಸ್ತರರ ಕುರ್ಚಿ ಹಾಕಿಸಿ ಅಧ್ಯಕ್ಷರನ್ನು, ದಾನಿಗಳನ್ನು, ಮೇಷ್ಟ್ರುಗಳನ್ನು ಒಬ್ಬೊಬ್ಬರಾಗಿ ಕೂರಿಸಿ ತೆಗೆದೆ. ಕೂರಲು ಒಪ್ಪದ ಕೆಲವರನ್ನು ನಿಲ್ಲಿಸಿಯೇ ತೆಗೆದೆ. ಕಡೆಗೆ ಉಳಿದವಳು ಹನುಮಕ್ಕ. ಮೂವತ್ತು ವರ್ಷ ಆ ಶಾಲೆಯ ಮಕ್ಕಳಿಗೆ ಬಾವಿಯಿಂದ ನೀರು ಹೊತ್ತು ತಂದವಳು, ನಮ್ಮ ತಿಪ್ಪೇಸ್ವಾಮಿಯ ತಾಯಿ.

"ಕುಂತ್ಕಳವ್ವ" ಎಂದೆ.

"ಈ ಕುರ್ಚಿ ಮ್ಯಾಲೆ ನಾನ್ಯಾವತ್ತು ಕುಂತಿದೀನಪ್ಪ? ಇವತ್ತು ಕುಂತ್ರೆ ಅದೇ ಮುರ್ಕಂಡು ಬಿದ್ದೀತು. ನಿಂತೇ ತೆಗಿ" ಎಂದವಳು, ಹುಣಸೆಹಣ್ಣು ಹಾಕಿ ತಿಕ್ಕಿ ತಂದಿದ್ದ ಹಿತ್ತಾಳೆ ಬಿಂದಿಗೆಯನ್ನು ಎರಡೂ ಕೈಯಲ್ಲಿ ಸೊಂಟದ ಮುಂದೆ ಹಿಡಿದು ನಿಂತಳು. ನಾನು ಕ್ಯಾಮೆರಾ ಉದ್ದಕ್ಕೆ ತಿರುಗಿಸಿದೆ.

"ಬಿಂದಿಗೆ ಬರ್ತೈತೇನಪ್ಪ?"

"ಬರ್ತೈತೆ ಬಿಡವ್ವ."

"ಮುಖ ಹೆಂಗಾರ ಬರ್ಲಿ. ಬಿಂದಿಗೆ ಬಂದ್ರೆ ಸಾಕು."

ಮಗ ಸ್ಟುಡಿಯೋದಲ್ಲೇ ದುಡಿದರೂ ಅವಳ ಜೀವಮಾನದಲ್ಲಿ ತೆಗೆದ ಫೋಟೋ ಅದೊಂದೇ. ಕ್ಯಾಮೆರಾದ ಕಾರ್ಡು ಆಗಿನ ಕಾಲದ್ದು, ಕಿರಿದು. ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಮುಂದಿನ ಮದುವೆಗೆಂದು ಕಾರ್ಡನ್ನು ಖಾಲಿ ಮಾಡಿಬಿಟ್ಟೆ. ಎರಡು ತಿಂಗಳಿಗೆ ಹನುಮಕ್ಕ ಜ್ವರ ಬಂದು ತೀರಿಕೊಂಡಳು. ಮಣ್ಣು ಮಾಡಿ ಬಂದ ಮೂರನೆಯ ದಿನ ತಿಪ್ಪೇಸ್ವಾಮಿ ಕೇಳಿದ್ದು ಒಂದೇ ಮಾತು: "ಅವ್ವಂದು ಐತಲ್ಲ?" ಐತೆ ಎಂದೆ. ಸಂಚಿಕೆಯ ಕೆಲಸ ಮುಗಿಯಲಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡುತ್ತೇನೆ ಎಂದೂ ಅಂದೆ.

ಒಟ್ಟು ನೂರಾನಲವತ್ತು ಫೋಟೋ. ಕೈಯಲ್ಲಿ ಬರೆದರೆ ತಿಪ್ಪೇಸ್ವಾಮಿಗೆ ವಾರ ಹಿಡಿಯುತ್ತಿತ್ತು. ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶ ಇತ್ತು, ಒಂದು ಫೋಟೋಕ್ಕೆ ಅಳತೆ ಕಲಿಸಿದರೆ ಉಳಿದದ್ದನ್ನೆಲ್ಲ ಸಾಲಾಗಿ ತಾನೇ ಮಾಡಿ ಮುಗಿಸುವಂಥದ್ದು. ನಾನು ಮೊದಲನೆಯ ಫೋಟೋ ತೆರೆದೆ. ಅದು ಅಧ್ಯಕ್ಷರದು, ಕುಂತದ್ದು. ಮೇಲಿನ ಅಂಚಿನಿಂದ ಇಷ್ಟು ಪಿಕ್ಸೆಲ್ ಚುಕ್ಕೆ ಕೆಳಗೆ ಒಂದು ಕಪ್ಪು ಪಟ್ಟಿ, ಪಟ್ಟಿಯೊಳಗೆ ಬಿಳಿಯ ಹೆಸರು ಎಂದು ಅಳತೆ ಕೊಟ್ಟೆ. ಪಟ್ಟಿ ಅಧ್ಯಕ್ಷರ ಪಂಚೆಯ ನೆರಿಗೆಯಡಿ ಬಹಳ ಲಕ್ಷಣವಾಗಿ ಕೂತಿತು.

ತಿಪ್ಪೇಸ್ವಾಮಿ ಬೆನ್ನ ಹಿಂದೆ ನಿಂತು ನೋಡುತ್ತಿದ್ದವನು, "ನಿಂತೋವು ಬ್ಯಾರೆ ಗುಡ್ಡೆ ಮಾಡ್ಕಳಪ್ಪ" ಎಂದ.

"ಕಂಪ್ಯೂಟರಿಗೆ ನಿಂತಿದ್ದೂ ಒಂದೇ, ಕುಂತಿದ್ದೂ ಒಂದೇ ಕಣೋ. ನಿನ್ ರಟ್ಟಿನ ಕಾಲ ಹೋತು, ಹೋಗಿ ಚಾ ಹೇಳ್ಬಾ."

ಅವನು ಚಹಾ ಹೇಳಲು ಹೋದ. ತಂತ್ರಾಂಶ ಕೇಳಿತು: ಹಳೆಯದರ ಮೇಲೆಯೇ ಉಳಿಸಲೇ? ಎಲ್ಲದಕ್ಕೂ ಹೌದು ಎಂದು ಒತ್ತಿದೆ. ಅವನು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಮೊದಲ ಹತ್ತು ಫೋಟೋ ತೆಗೆದು ತೋರಿಸಿದೆ, ಹತ್ತೂ ಕುಂತವು. ಅವನು ತಲೆಯಾಡಿಸಿದ. ಅವತ್ತೇ ದುರ್ಗದ ಪ್ರೆಸ್ಸಿಗೆ ಸಿ.ಡಿ. ಕಳಿಸಿದೆ.

ಸಂಚಿಕೆ ಬಿಡುಗಡೆಯಾದ ದಿನ ಶಾಲೆಯ ಅಂಗಳದಲ್ಲೇ ನಾನು ಅದನ್ನು ಮೊದಲು ಬಿಡಿಸಿದ್ದು. ಪುಟಕ್ಕೊಬ್ಬರಂತೆ ನೂರಾಇಪ್ಪತ್ತೊಂಬತ್ತು ಜನರ ಹೆಸರು ಅವರವರ ಕೆಳಗಿತ್ತು. ನಿಂತವರು ಹನ್ನೊಂದು ಜನ: ಗಂಟೆ ಹೊಡೆಯುವವನು, ಅಂಗಳ ಗುಡಿಸುವವಳು, ಗೋಡೆಗೆ ಸುಣ್ಣ ಬಳಿದವರು, ಇಂಥವರೇ. ಎತ್ತರದ ಫೋಟೋದಲ್ಲಿ ಮೇಲಿನಿಂದ ಅಳೆದ ಆ ಅಳತೆ ಪಾದದವರೆಗೆ ಮುಟ್ಟದೆ ನಡುವಿನಲ್ಲೇ ನಿಂತು, ಕಪ್ಪು ಪಟ್ಟಿ ಅವರ ಸೊಂಟಕ್ಕೆ ಅಡ್ಡ ಬಿದ್ದಿತ್ತು. ಹನುಮಕ್ಕನ ಮುಖ ಇತ್ತು, ಪಾದ ಇತ್ತು. ಬಿಂದಿಗೆ ಇದ್ದಲ್ಲಿ 'ಶ್ರೀಮತಿ ಹನುಮಕ್ಕ' ಎಂದು ಇತ್ತು.

ಅಧ್ಯಕ್ಷರು ಸಮಾಧಾನ ಹೇಳಿದರು. "ಹನ್ನೊಂದೇ ಜನ ಅಲ್ವೇನಪ್ಪ, ಬಿಡು. ಹೆಸ್ರಂತೂ ಐತಲ್ಲ, ಅವ್ರಿಗೂ ಖುಷಿಯೇ." ತಿಪ್ಪೇಸ್ವಾಮಿ ಪುಟದ ಮೇಲೆ ಬಗ್ಗಿ, ಬಣ್ಣ ಮೆತ್ತಿದ ಉಗುರಿನಿಂದ ಆ ಕಪ್ಪನ್ನು ಒಮ್ಮೆ ಕೆರೆದ, ಕೆಳಗೆ ಇದ್ದೀತು ಎಂಬಂತೆ.

"ಹೆಸ್ರು ಐತೆ. ಕೈ ಇಲ್ಲ" ಎಂದ. ಆಮೇಲೆ, "ಸ್ಟುಡಿಯೋದಾಗೆ ಚಲೋದು ಐತಲ್ಲ?"

ಕಾರ್ಡು ಖಾಲಿ ಮಾಡಿದ್ದೆ, ಕಂಪ್ಯೂಟರಿನಲ್ಲಿದ್ದ ಮೂಲದ ಮೇಲೆಯೇ ಪಟ್ಟಿ ಉಳಿದಿತ್ತು; ಇಲ್ಲ ಎಂದೆ. ಅಷ್ಟರಲ್ಲಿ ಅವನಿಗೆ ತಿಳಿದುಹೋಗಿತ್ತು.

ಅದೇ ತಂತ್ರಾಂಶದಲ್ಲಿ ಮೇಲಿನ ಅಂಚಿನ ಬದಲು ಕೆಳಗಿನ ಅಂಚಿನಿಂದ ಅಳೆ ಎಂದು ಹೇಳುವ ಒಂದು ಚಿಕ್ಕ ಚೌಕ ಇದೆ ಎಂಬುದನ್ನು ನಾನು ಕಂಡುಕೊಂಡದ್ದು ಆಮೇಲೆ. ಅದನ್ನು ಒತ್ತಿದರೆ ಕುಂತವರಿಗೂ ನಿಂತವರಿಗೂ ಹೆಸರು ತಪ್ಪದೆ ಬುಡದಲ್ಲೇ ಬೀಳುತ್ತದೆ. ರಟ್ಟು ಮಾಡುತ್ತಿದ್ದದ್ದೂ ಅದನ್ನೇ. ಯಂತ್ರದ ಮೇಲೆ ತಪ್ಪು ಹೊರಿಸಿ ಹಗುರಾಗೋಣವೆಂದು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಆಗುವುದಿಲ್ಲ. ಯಾರು ಕುರ್ಚಿಯಲ್ಲಿ ಕೂತರು, ಯಾರು ಕೂರಲಿಲ್ಲ, ಯಾಕೆ ಕೂರಲಿಲ್ಲ ಎಂಬುದು ಅದಕ್ಕೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅಧ್ಯಕ್ಷರ ಪಂಚೆಗೆ ಹೊಂದಿದ ಅಳತೆ ಊರಿಗೆಲ್ಲ ಹೊಂದುತ್ತದೆ ಎಂದು ಅದಕ್ಕೆ ಕಲಿಸಿದವನೂ ನಾನೇ.

ತಿಪ್ಪೇಸ್ವಾಮಿ ಮತ್ತೆ ಸ್ಟುಡಿಯೋಕ್ಕೆ ಬರಲಿಲ್ಲ. ಹಿರಿಯೂರಿನಲ್ಲಿ ಲಾರಿಗಳಿಗೆ ಬರೆಯುತ್ತಿದ್ದಾನೆಂದು ತಿಳಿದು, ವರ್ಷದ ಮೇಲೆ, ಅವನು ಬಿಟ್ಟುಹೋಗಿದ್ದ ರಟ್ಟನ್ನು ಕೊಡುವ ನೆಪ ಮಾಡಿಕೊಂಡು ಹೋದೆ. ಹೆದ್ದಾರಿ ಬದಿಯ ಬಯಲಿನಲ್ಲಿ ಒಂದು ಲಾರಿಯ ಹಿಂಬದಿಗೆ ಎರಡು ಬೆರಳಿಟ್ಟು ಅಳೆಯುತ್ತಿದ್ದ. ಚಹಾ ತರಿಸಿದ, ಮಕ್ಕಳನ್ನು ವಿಚಾರಿಸಿದ. ರಟ್ಟು ಮುಂದೆ ಹಿಡಿದೆ.

"ನಿನ್ ಹತ್ರಾನೇ ಇರ್ಲಿ ಬಿಡು. ಲಾರಿಗೆ ಇದು ಸಾಲಲ್ಲ" ಎಂದು ಕುಂಚವನ್ನು ಬಣ್ಣಕ್ಕೆ ಅದ್ದಿದ. ಅವನು ಬೈದಿದ್ದರೆ ನಾನು ಅತ್ತು ವಾಪಸ್ಸು ಬರಬಹುದಿತ್ತು.

ಈಗಲೂ ಒಮ್ಮೊಮ್ಮೆ ಆ ಸಂಚಿಕೆಯ ಪುಟ ತೆರೆದು, ಹನುಮಕ್ಕನ ಫೋಟೋದ ಕೆಳಗಿನ ಅಂಚಿಗೆ ರಟ್ಟನ್ನು ತಾಗಿಸಿ ಇಡುತ್ತೇನೆ. ಅದು ಪಾದಕ್ಕೆ ತಾಗದೆ, ಸೆರಗಿಗೆ ತಾಗದೆ, ಸರಿಯಾಗಿ ಕೂರುತ್ತದೆ. ಅಲ್ಲಿ ಎರಡು ಬೆರಳು ಜಾಗ ಇದೆ. ಶಾಲೆಯ ಅಂಗಳದ ಬರೀ ಮಣ್ಣು.