ಅತ್ತೆಯ ಸೀರೆ ಒಣಗಿಸಲು ಜಾಗ

ಆಗ ನಾವು ವೆಸ್ಟ್ ಮಾಂಬಲಂನ ಒಂದು ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದೆವು. ಅಪ್ಪ ರೈಲ್ವೆಯಲ್ಲಿ ಗುಮಾಸ್ತ. ಅವರ ತಂಗಿ, ನನ್ನ ಸೋದರತ್ತೆ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಮೈಸೂರಿನಿಂದ ನಮ್ಮಲ್ಲಿಗೆ ಬಂದವಳು. ಟ್ರೈನಿಂಗ್ ಮುಗಿಸಿ ನಾನು ಓದುತ್ತಿದ್ದ ಶಾಲೆಯಲ್ಲೇ ಟೀಚರಾಗಿದ್ದಳು. ಇದ್ದದ್ದು ನಾಲ್ಕು ಬಿಳಿ ಸೀರೆ. ಬೆಳಿಗ್ಗೆ ಒಗೆದು ಮಹಡಿಯ ಮೇಲಿನ ಹಗ್ಗಕ್ಕೆ ಹರವಿ ಹೋದರೆ ಸಂಜೆಗೆ ಗರಿಗರಿಯಾಗಿರುತ್ತಿದ್ದವು.

ಮನೆಯ ಒಡತಿ ಮಹಡಿಯಲ್ಲೇ ಇದ್ದರು. ಅವರ ಮಗಳಿಗೆ ವರ ನೋಡುತ್ತಿದ್ದ ಕಾಲ. ಎರಡು ಸಂಬಂಧ ತಪ್ಪಿಹೋದ ಮೇಲೆ ಅವರು ಅಪ್ಪನನ್ನು ಕರೆಸಿದರು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ವಿಧವೆಯ ಸೀರೆಯೇ ಕಣ್ಣಿಗೆ ಬೀಳುತ್ತದೆ, ಇನ್ನು ಮೇಲೆ ಅಲ್ಲಿ ಹಾಕುವುದು ಬೇಡ ಎಂದು ಮೆಲ್ಲಗೆ ತಮಿಳಿನಲ್ಲಿ ಹೇಳಿದರಂತೆ. ಅಪ್ಪ ಆಗಲಿ ಎಂದು ಕೆಳಗಿಳಿದು ಬಂದರು.

ಆ ಭಾನುವಾರ ಅಪ್ಪ ಹಗ್ಗ, ಮೊಳೆ, ಸುತ್ತಿಗೆ ಹಿಡಿದು ಮನೆಯೆಲ್ಲ ಸುತ್ತಿದರು. ಮುಂದಿನ ಕೋಣೆಯ ಕಿಟಕಿಗೆ ಮಧ್ಯಾಹ್ನದ ಬಿಸಿಲು ಬರುತ್ತದೆ, ಅಲ್ಲಿ ಒಂದು ಕೋಲು ಕಟ್ಟಿಕೊಟ್ಟರೆ ಸಾಕು ಎಂದಳು ಅತ್ತೆ. ಬೀದಿಯವರಿಗೆ ಕಾಣುತ್ತದೆ ಎಂದು ಅಪ್ಪ ಒಪ್ಪಲಿಲ್ಲ. ಕೊನೆಗೆ ಬಚ್ಚಲಿನ ಹಿಂದೆ, ಸೌದೆ ಒಟ್ಟುತ್ತಿದ್ದ ಇಕ್ಕಟ್ಟು ಓಣಿಯಲ್ಲಿ ಎರಡು ಮೊಳೆ ಹೊಡೆದರು. ಪಕ್ಕದಲ್ಲೇ ಹಂಡೆಯ ಒಲೆ ಇದೆ, ಆ ಕಾವಿಗೆ ಬೇಗ ಒಣಗುತ್ತದೆ ಎಂದು ಸಮಾಧಾನವನ್ನೂ ಹೇಳಿದರು. ಅಮ್ಮ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ.

ಆ ಒಲೆಗೆ ಕಾವಿಗಿಂತ ಹೊಗೆಯೇ ಜಾಸ್ತಿ. ಮೊಳೆ ಇದ್ದ ಕಡೆ ಸೀರೆಗೆ ತುಕ್ಕಿನ ಕಲೆ ಬಿತ್ತು. ಬೇಸಿಗೆ ಹೇಗೋ ಕಳೆಯಿತು. ದೀಪಾವಳಿ ಹೊತ್ತಿಗೆ ಮಳೆ ಹಿಡಿದ ಮೇಲೆ ಮೂರು ದಿನವಾದರೂ ಸೆರಗಿನ ಹಸಿ ಆರುತ್ತಿರಲಿಲ್ಲ. ಅತ್ತೆ ಅದನ್ನೇ ಉಟ್ಟು ಶಾಲೆಗೆ ಹೋಗುತ್ತಿದ್ದಳು. ಹೊಗೆಯೂ ಮುಗ್ಗಲೂ ಬೆರೆತ ಒಂದು ವಾಸನೆ ಅವಳ ಜೊತೆಗೇ ಬರುತ್ತಿತ್ತು.

ಒಂದು ದಿನ ಅವಳು ನಮ್ಮ ತರಗತಿಗೆ ಬಂದು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿ ಮೂಗು ಮುಚ್ಚಿಕೊಂಡು, "ಟೀಚರ್ ನಿಮ್ಮನೆಯವರೇ ಅಲ್ವಾ?" ಎಂದು ತಮಿಳಿನಲ್ಲಿ ಕೇಳಿದಳು.

"ಇಲ್ಲ, ನಮ್ಮ ಬೀದಿಯವರು" ಎಂದೆ. ನಾನೂ ತಮಿಳಿನಲ್ಲೇ ಹೇಳಿದೆ.

ಅತ್ತೆಯ ಕೈ ಒಂದು ಗಳಿಗೆ ನಿಂತಿತು. ತಿರುಗಿ ನೋಡದೆ ಲೆಕ್ಕ ಮುಗಿಸಿದಳು.

ಮನೆಯಲ್ಲಿ ನನ್ನ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಬಡಿಸುತ್ತ ಅಪ್ಪನಿಗೆ ಇಷ್ಟೇ ಹೇಳಿದಳು: "ಅಣ್ಣ, ಈ ಮನೇಲಿ ನನಗೆ ಒಂದು ಮೊಳ ಬಿಸಿಲು ಸಿಗಲಿಲ್ಲ."

"ಇರಕ್ಕೆ ಜಾಗ ಕೊಟ್ಟಿದೀನಲ್ಲಮ್ಮ" ಎಂದರು ಅಪ್ಪ, ಎಲೆಯಿಂದ ತಲೆ ಎತ್ತದೆ.

ಪೊಂಗಲ್ ರಜೆ ಮುಗಿಯುವ ಮೊದಲೇ ಅವಳು ತಾಂಬರಂನ ಒಂದು ಶಾಲೆಯಲ್ಲಿ ಕೆಲಸ ಹುಡುಕಿಕೊಂಡು, ಇನ್ನೊಬ್ಬ ಟೀಚರ್ ಜೊತೆ ಕೋಣೆ ಮಾಡಿಕೊಂಡು ಹೊರಟುಬಿಟ್ಟಳು. ಟ್ರಂಕನ್ನು ತಾನೇ ಎತ್ತಿಕೊಂಡಳು. ಅಪ್ಪ ಸ್ಟೇಷನ್ನಿಗೂ ಹೋಗಲಿಲ್ಲ. ತಂಗಿಗೆ ಸೊಕ್ಕು ಎಂದು ಬಹಳ ದಿನ ಅನ್ನುತ್ತಿದ್ದರು. ಮಹಡಿಯ ಹುಡುಗಿಗೆ ಮುಂದೆ ಎರಡು ವರ್ಷವೂ ಸಂಬಂಧ ಕೂಡಲಿಲ್ಲ. ಅದಕ್ಕೆ ಯಾವ ಸೀರೆ ಕಾರಣವೋ ಯಾರೂ ಹೇಳಲಿಲ್ಲ.

ನಾನು ಕಾಲೇಜು ಸೇರಿದ ಮೇಲೆ ಒಮ್ಮೆ ತಾಂಬರಂ ಪ್ಲಾಟ್‌ಫಾರ್ಮಿನಲ್ಲಿ ಅತ್ತೆ ಸಿಕ್ಕಳು. ತೆಳು ನೀಲಿ ಸೀರೆ ಉಟ್ಟಿದ್ದಳು. ಏನು ಓದುತ್ತಿದ್ದೀಯ, ಅಮ್ಮನ ಮೊಣಕಾಲು ನೋವು ಹೇಗಿದೆ ಎಂದೆಲ್ಲ ವಿಚಾರಿಸಿದಳು. ಆವತ್ತಿನ ಮಾತನ್ನು ಎತ್ತೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಜೊತೆಯಲ್ಲಿದ್ದ ಹೆಂಗಸು, ಇವಳು ಯಾರೆಂದು ಕೇಳಿದಳು.

"ಹಿಂದೆ ನನ್ನ ಹತ್ತಿರ ಓದಿದ ಹುಡುಗಿ" ಎಂದಳು ಅತ್ತೆ.