ಅಬೇದಾಬಿಯ ತಂಪು ಪೆಟ್ಟಿಗೆ

ಹೆಣ ಇಡುವ ತಂಪು ಪೆಟ್ಟಿಗೆಯ ಉದ್ಘಾಟನೆಯ ದಿನ ಅದರೊಳಗೆ ಒಂದು ಗಡಿಗೆ ಮೊಸರು, ಎರಡು ಕಟ್ಟು ಕೊತ್ತಂಬರಿ ಮತ್ತು ಐದಾರು ಗೊನೆ ದ್ರಾಕ್ಷಿ ಸಿಕ್ಕವು.

ಸಿಕ್ಕಿದ್ದು ಹೊನವಾಡದ ಹಿರಿಯರ ಎದುರಿಗಷ್ಟೇ ಆಗಿದ್ದರೆ ನಡೆದುಹೋಗುತ್ತಿತ್ತು. ಮಸ್ಕತ್ತಿನಲ್ಲಿ ದುಡಿಯುವ ಹೊನವಾಡದವರು ಕಟ್ಟಿಕೊಂಡ ಹಿತವರ್ಧಕ ಬಳಗದ ನಲವತ್ತು ಮಂದಿ ವಿಡಿಯೋ ಕಾಲಿನಲ್ಲಿ ನೋಡುತ್ತಿದ್ದರು. ಬಳಗ ಅದಕ್ಕೂ ಮೊದಲು ಊರಿಗೆ ಬಸ್ ನಿಲ್ದಾಣದ ನೆರಳು, ಕುಡಿಯುವ ನೀರಿನ ಘಟಕ ಕೊಟ್ಟಿತ್ತು. ಈಗ ಹಿತವರ್ಧಕ ಶೀತವರ್ಧಕವೂ ಆಗಿತ್ತು. ಊರಿನಲ್ಲಿ ಬಳಗದ ಕೆಲಸ ನೋಡಿಕೊಳ್ಳುವ ಗೊಲ್ಲಾಳಪ್ಪ, ಮದುವೆಯಲ್ಲಿ ಅಂತರಪಟ ಸರಿಸುವ ಗತ್ತಿನಲ್ಲಿ ಬಟ್ಟೆ ಎಳೆದ. ಗಾಜಿನ ಮುಚ್ಚಳದ ಕೆಳಗೆ ಗಡಿಗೆ ಕಂಡಿತು.

"ಇದೇನ ಬೇ ಅಬೇದಾಬಿ?" ಅವನ ಧ್ವನಿ ಸಣ್ಣಗಾಯಿತು.

ಪೆಟ್ಟಿಗೆಯ ಉಸ್ತುವಾರಿ ಹೊತ್ತಿದ್ದ ಅಬೇದಾಬಿ ಸೆರಗು ಸರಿಮಾಡಿಕೊಂಡಳು. "ಮೂರು ದಿನದಿಂದ ಟ್ರಾಯಲ್ ಅಂತ ಖಾಲಿ ಓಡಸಾಕತ್ತೀರಿ. ಹೊರಗ ಇಂಥಾ ಬಿಸಲು. ಮಸರು ಹುಳಿ ಆಗಿಲ್ಲ ನೋಡ್ರಿ. ಪೆಟ್ಟಿಗಿ ಚಲೋ ಐತಿ."

ಮಸ್ಕತ್ತು ನಕ್ಕಿತು. ಬಳಗದ ಅಧ್ಯಕ್ಷ ಜಾವೀದ ಒಬ್ಬ ನಗಲಿಲ್ಲ.

ಅವನು ನಗದಿರುವುದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಒಂದು ಶುಕ್ರವಾರ ಬೆಳಿಗ್ಗೆ ಅವನ ತಾಯಿ ನಿಖತ ತೀರಿಕೊಂಡಿದ್ದಳು. ಸಂಜೆಯೊಳಗೆ ಮಣ್ಣು ಕೊಟ್ಟಾಗಿತ್ತು. ಹೈದರಾಬಾದಿಗೆ ಇಳಿದು, ವಿಜಯಪುರಕ್ಕೆ ಬಂದು, ಅಲ್ಲಿಂದ ಟಿಕೋಟಾ ದಾಟಿ ಜಾವೀದ ಊರು ಮುಟ್ಟಿದಾಗ ಅವನಿಗೆ ಉಳಿದದ್ದು ಮಣ್ಣಿನ ದಿಬ್ಬ. ಪೆಟ್ಟಿಗೆ ಹುಟ್ಟಿದ್ದು ಆ ದಿಬ್ಬದ ಮುಂದೆ. ತನ್ನ ಹಾಗೆ ಕಡೆಯ ಸಲ ಮುಖ ನೋಡದೆ ಇನ್ಯಾರೂ ಉಳಿಯಬಾರದು ಎಂದು ಅವನು ಹಟ ಹಿಡಿದ.

ನಿಖತಳ ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿದ್ದವಳು ಅಬೇದಾಬಿ ಒಬ್ಬಳೇ. ಇಬ್ಬರೂ ನಲವತ್ತು ವರ್ಷ ಒಂದೇ ದ್ರಾಕ್ಷಿ ತೋಟದಲ್ಲಿ ಕತ್ತರಿ ಹಿಡಿದವರು. ಊರಿನ ಮುಸ್ಲಿಂ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವುದೂ ಅಬೇದಾಬಿಯ ಕೆಲಸ. ನೀರು ಉಗುರುಬೆಚ್ಚಗಿರಬೇಕು. "ಕೈ ಎತ್ತತೀನಿ ಹಾಂ, ನೋವಾದ್ರ ಹೇಳು" ಎಂದು ಹೆಣದ ಹತ್ತಿರ ಮಾತಾಡುತ್ತ ಮಾಡಿಸುತ್ತಾಳೆ.

ದೂರದ ಮಕ್ಕಳೆಲ್ಲ ಅವಳನ್ನು ಕೇಳುವುದು ಒಂದೇ ಪ್ರಶ್ನೆ: ಕಡೆಗೆ ನನ್ನ ಹೆಸರು ತೆಗೆದುಕೊಂಡರೇ? ಅಬೇದಾಬಿ ಎಲ್ಲರಿಗೂ ತಡವರಿಸದೆ ಹೇಳುತ್ತಾಳೆ, "ತಗೊಂಡ್ರು. ಎರಡು ಸಲ ತಗೊಂಡ್ರು." ಜಾವೀದ ಫೋನಿನಲ್ಲಿ ಕೇಳಿದಾಗ ಮಾತ್ರ, "ರೇಂಜ್ ಇಲ್ಲಪಾ" ಎಂದು ಇಟ್ಟುಬಿಡುತ್ತಿದ್ದಳು.

"ಒಂದು ಸುಳ್ಳ ಹೇಳಿದ್ರ ನಿನ್ನ ಗಂಟೇನ ಹೋಗತೈತಿ?" ಎಂದು ನೆರೆಮನೆಯ ರುದ್ರವ್ವ ಬೈದಳು.

"ಬ್ಯಾರೇದವರ ಬಾಯಾಗ ಮಾತ ಇಡಬಹುದು ರುದ್ರವ್ವಾ. ನಿಖತನ ಬಾಯಾಗ ಹೆಂಗ ಇಡ್ಲಿ? ಅಕಿ ತಿರುಗಿ ಬೈತಾಳ."

ಪೆಟ್ಟಿಗೆ ಟಿಕೋಟಾ, ಕನಮಡಿ ಎಂದು ಇರ್ಫಾನನ ಟೆಂಪೋದಲ್ಲಿ ತಿರುಗತೊಡಗಿತು. ಜೊತೆಗೆ ಅಬೇದಾಬಿ. "ಸತ್ತವರಿಗೆ ಏಸಿ, ನಮಗ ಬಿಸಿ" ಎಂದು ಇರ್ಫಾನ ಹಣೆ ಒರೆಸಿಕೊಳ್ಳುತ್ತಿದ್ದ. ಕಾಯುವ ಮನೆಗಳ ರೀತಿಯೇ ಬೇರೆ. ಮೊದಲ ದಿನ ಅಳು. ಎರಡನೆಯ ದಿನ ಅತ್ತವರಿಗೆ ದಣಿವು, ಹಸಿವು, ಅದಕ್ಕೆ ನಾಚಿಕೆ. ಹೊರಗೆ ಗಾಡಿಯ ಸದ್ದಾದರೆ ಮಗ ಬಂದನೆಂದು ಮತ್ತೆ ಅಳು ಏಳುತ್ತದೆ. ಬಂದದ್ದು ತರಕಾರಿ ಗಾಡಿ. ಮಧ್ಯೆ ಪೆಟ್ಟಿಗೆ ಗುಂಯ್ ಅನ್ನುತ್ತಲೇ ಇರುತ್ತದೆ.

ಬಬಲೇಶ್ವರದಲ್ಲಿ ಬಸಗೊಂಡಪ್ಪಜ್ಜ ತೀರಿಕೊಂಡಾಗ, ಮಸ್ಕತ್ತಿನಲ್ಲಿ ನರ್ಸ್ ಆಗಿದ್ದ ಮಗಳಿಗಾಗಿ ಎರಡು ದಿನ ಇಟ್ಟರು. ಅವರದು ಹೆಣವನ್ನು ಕೂಡಿಸಿ ಮಣ್ಣು ಮಾಡುವ ಪದ್ಧತಿ. ಉಸಿರು ಹೋದ ಕೂಡಲೇ ಕಾಲು ಮಡಚಿ ಕೂಡಿಸಬೇಕು. ಅವಸರದಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಪೆಟ್ಟಿಗೆ ಇದ್ದದ್ದು ಮಲಗುವವರ ಅಳತೆಗೆ, ಅಜ್ಜನನ್ನು ಮಲಗಿಸಿದರು. ಹೊರಗೆ ತೆಗೆದಾಗ ಮೊಣಕಾಲು ಮಡಚಲಿಲ್ಲ. ನಾಲ್ಕು ಜನ ಹಿಡಿದರೂ ಅಜ್ಜ ಕೂಡಲಿಲ್ಲ. ಕೂಡಿಸಲೆಂದು ತೋಡಿದ್ದ ಕುಣಿಯನ್ನು ಉದ್ದ ಮಾಡಿ ಮಲಗಿಸಿದರು. ಅಂದಿನಿಂದ ಆ ಮನೆಯ ಸೊಸೆ ಪಡಸಾಲೆಯಲ್ಲಿ ಒಂದು ಕುರ್ಚಿ ಖಾಲಿ ಬಿಟ್ಟಿದ್ದಾಳೆ. "ಮಾವಾರು ಬಾಗಲಾಗ ನಿಂತಿರತಾರ. ಕೂಡಾಕ ಜಾಗಾ ಹುಡಕಾಕತ್ತಾರ" ಅನ್ನುತ್ತಾಳೆ.

ಅಬೇದಾಬಿ ಅದನ್ನು ಕೇಳಿ ನಗಲಿಲ್ಲ. ಪ್ಲಗ್ ಕಿತ್ತು ಕೈಯಲ್ಲಿ ಹಿಡಿದಿದ್ದರೂ ಅವಳಿಗೆ ಗುಂಯ್ ಸದ್ದು ಕೇಳುತ್ತಿತ್ತು. "ಮೊದಲ ಸತ್ತೋರು ಹೋಗತಿದ್ರು" ಎಂದಳು ರುದ್ರವ್ವನಿಗೆ. "ಈಗ ಇರತಾರ."

ಈ ಜನವರಿಯಲ್ಲಿ ಜಾವೀದ ರಜೆಗೆ ಬಂದ. ಮನೆಗೆ ಹೋಗುವ ಮೊದಲು, ಅಬೇದಾಬಿ ಮತ್ತು ರುದ್ರವ್ವ ಪೆಟ್ಟಿಗೆ ಒರೆಸುತ್ತಿದ್ದ ಕೋಣೆಗೆ ಬಂದ. ಗೊಲ್ಲಾಳಪ್ಪ ಹಾರ ಹಿಡಿದು ಹಿಂದೆಯೇ ಓಡಿಬಂದ. ಜಾವೀದ ಹಾರ ಹಾಕಿಸಿಕೊಳ್ಳಲಿಲ್ಲ. ಖಾಲಿ ಪೆಟ್ಟಿಗೆಯ ಗಾಜಿನ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತ, ಒಳಗೆ ಯಾರೋ ಇದ್ದ ಹಾಗೆ.

"ಖಾಲಾ, ಇನ್ನೂ ಎರಡು ತರಸ್ತೀನಿ. ಟಿಕೋಟಾಕ್ಕೊಂದು, ಬಬಲೇಶ್ವರಕ್ಕೊಂದು."

"ತರಸಬ್ಯಾಡಪಾ."

"ಯಾಕ? ಅವತ್ತ ಇದೊಂದು ಇದ್ದಿದ್ರ ನಾ ಅಮ್ಮೀನ ನೋಡತಿದ್ದೆ. ಇದರಾಗ ಮಲಗಿ ನನಗ ಕಾಯತಿದ್ಲು. ಕಣ್ಣ ಮುಚ್ಚಿದ್ರ ಅಕಿ ಇದರಾಗ ಕಾಣತಾಳ, ಖಾಲಾ."

ಗೊಲ್ಲಾಳಪ್ಪ ಹಾರವನ್ನು ಬೆನ್ನ ಹಿಂದೆ ಮರೆಮಾಡಿದ. ಹೊರಗೆ ಹೊರಟಿದ್ದ ರುದ್ರವ್ವ ಬಾಗಿಲಲ್ಲೇ ನಿಂತು, "ಹೇಳಿ ಬಿಡ ಬೇ, ಎರಡು ಸಲ ಅಂತ" ಎಂದು ಕಣ್ಣಿನಲ್ಲೇ ಬೇಡಿಕೊಂಡಳು.

"ಇವತ್ತರ ಹೇಳು" ಎಂದ ಜಾವೀದ. "ಅಮ್ಮಿ ಕಡೀಗೆ ಏನಂದ್ಲು?"

ಅಬೇದಾಬಿ ಅವನ ಕೈಯನ್ನು ಗಾಜಿನ ಮೇಲಿಂದ ತೆಗೆದು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡಳು.

"'ಫ್ಯಾನ್ ಬಂದ್ ಮಾಡ, ಥಂಡಿ ಹತ್ತಾಕತ್ತೈತಿ' ಅಂದ್ಲಪಾ."